ಒಂದೇ ನಡಿಗೆಗೆ ಎರಡು ಜಮಾ

ಮ್ಯಾನೇಜರ್ ಸಾಹೇಬರು ಭಾನುವಾರ ಬೆಳಿಗ್ಗೆ ಬಂದವರೇ ಒಂದು ಉದ್ದನೆಯ ಲೆಡ್ಜರನ್ನು ನನ್ನ ಮೇಜಿನ ಮೇಲೆ ಇಟ್ಟರು. ಬ್ಯಾಂಕಿನಿಂದ ನಿವೃತ್ತರಾಗಿ ವರ್ಷ ಕಳೆದರೂ ಮೈಸೂರಿನ ಶ್ರೀರಾಂಪುರದ ನಮ್ಮ ಬೀದಿಗೆ ಅವರು ಇನ್ನೂ ಮ್ಯಾನೇಜರ್ ಸಾಹೇಬರೇ. ಲೆಡ್ಜರಿನಲ್ಲಿ ಕೆಂಪು ಗೆರೆ ಎಳೆದ ಎರಡು ಅಂಕಣ. ಎಡಗಡೆ ತಿಂದದ್ದು, ಬಲಗಡೆ ಸುಟ್ಟದ್ದು. ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ. ಮೊಮ್ಮಗನ ನಾಮಕರಣದ ದಿನದ ಹೋಳಿಗೆ ಕೂಡ ದಾಖಲಾಗಿದೆ.

"ಮೇಷ್ಟ್ರೇ, ಇದು ಟ್ಯಾಲಿ ಆಗ್ತಾ ಇಲ್ಲ" ಎಂದರು. "ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದಿದೀನಿ. ತೊಂಬತ್ತು ದಿನ. ತಕ್ಕಡಿ ಮಾತ್ರ ಇದ್ದಲ್ಲೇ ಇದೆ. ಎಲ್ಲೋ ಸೋರಿದೆ, ಆಡಿಟ್ ಮಾಡಿ."

ಅವರ ಲೆಕ್ಕ ಹೀಗೆ. ದೇಹದ ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಇರುತ್ತದೆ. (ನಾವೆಲ್ಲ ಬಾಯಿಮಾತಿನಲ್ಲಿ ಕ್ಯಾಲೊರಿ ಎನ್ನುವುದು ಈ ಕಿಲೊಕ್ಯಾಲೊರಿಯನ್ನೇ, ಇಲ್ಲಿಯೂ ಹಾಗೇ ಬಳಸುತ್ತೇನೆ.) ತೊಂಬತ್ತನ್ನು ಐನೂರರಿಂದ ಗುಣಿಸಿದರೆ 45,000. ಅಂದರೆ ಹತ್ತಿರ ಹತ್ತಿರ ಆರು ಕಿಲೋ ಇಳಿಯಬೇಕಿತ್ತು. ತೂಕ ಮೊದಲು 78 ಕಿಲೋ, ಈಗಲೂ 78. ಆರು ಕಿಲೋ ಕಾಗದದ ಮೇಲೆ ಕರಗಿದೆ, ಮೈಮೇಲೆ ಕರಗಿಲ್ಲ.

ಇಂಥ ಸಂದರ್ಭದಲ್ಲಿ ಎಲ್ಲರೂ ಮೊದಲು ಅನುಮಾನಿಸುವುದು ಎಡಗಡೆಯ ಅಂಕಣವನ್ನು. ಮನುಷ್ಯ ತಿಂದದ್ದನ್ನು ಕಡಿಮೆ ಬರೆಯುತ್ತಾನೆ, ಅದು ನಿಜ. ಒಗ್ಗರಣೆಯ ಒಂದು ಚಮಚ ಎಣ್ಣೆ 45 ಕ್ಯಾಲೊರಿ, ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆ 20. ಇವು ನೋಟ್‌ಬುಕ್ಕಿನ ಕಣ್ಣು ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮರು. ಆದರೆ ಮೂವತ್ತು ವರ್ಷ ಚಿಲ್ಲರೆ ಎಣಿಸಿದವರ ಪುಸ್ತಕ ಇದು. ಮಜ್ಜಿಗೆಗೆ ಹಾಕಿದ ಇಂಗನ್ನೂ ಬಿಟ್ಟಿರಲಿಲ್ಲ. ನಾನು ನೇರವಾಗಿ ಬಲಗಡೆಗೆ ಹೋದೆ. ಅಲ್ಲಿ ಪ್ರತಿದಿನ ಒಂದೇ ನಮೂದು: ಲಿಂಗಾಂಬುಧಿ, 4 ಕಿ.ಮೀ., 50 ನಿಮಿಷ, 310 ಕ್ಯಾಲೊರಿ.

ಲಿಂಗಾಂಬುಧಿ ಕೆರೆ ನಮ್ಮ ಬಡಾವಣೆಯ ಮಗ್ಗುಲಿಗೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದ್ದು. ಈಗ ಶ್ರೀರಾಂಪುರ, ರಾಮಕೃಷ್ಣನಗರ, ಕುವೆಂಪುನಗರದ ಸಕ್ಕರೆ ಕಾಯಿಲೆಯವರಿಗೆಲ್ಲ ಅದರ ದಂಡೆಯೇ ಔಷಧಾಲಯ. ಹಕ್ಕಿ ನೋಡಲು ಬರುವವರ ಕೈಯಲ್ಲಿ ದುರ್ಬೀನು, ಉಳಿದವರ ಕೈಯಲ್ಲಿ ಹೆಜ್ಜೆ ಎಣಿಸುವ ವಾಚು. ಸಾಹೇಬರ ವಾಚು ಮಗಳ ಉಡುಗೊರೆ. ಅದು ಹೇಳಿದ 310ನ್ನು ಅವರು ಆದಾಯವೆಂದು ಜಮಾ ಮಾಡಿಕೊಂಡು, ಅಷ್ಟನ್ನು ಹೆಚ್ಚಿಗೆ ತಿನ್ನುತ್ತಿದ್ದರು. "ನಡೆದದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಮಸಾಲೆ ದೋಸೆ ಗಿಟ್ಟತ್ತೆ" ಎನ್ನುವುದು ಅವರ ವಾದ. ಹಾಗೆ ತಿನ್ನಲು ಫೋನಿನ ಆ್ಯಪ್ ಕೂಡ ಅಪ್ಪಣೆ ಕೊಟ್ಟಿತ್ತು.

ಆ್ಯಪ್ ಅವರನ್ನು ಮೊದಲ ದಿನ ಕೇಳಿದ್ದು ನಾಲ್ಕು ಪ್ರಶ್ನೆ: ತೂಕ, ಎತ್ತರ, ವಯಸ್ಸು, ಮತ್ತು "ನೀವು ಎಷ್ಟು ಚಟುವಟಿಕೆಯವರು?" ಮೊದಲ ಮೂರಕ್ಕೆ 78 ಕಿಲೋ, 168 ಸೆಂಟಿಮೀಟರ್, 61. ಇವನ್ನು 1990ರಲ್ಲಿ ಅಮೆರಿಕದ ಮಿಫ್ಲಿನ್ ಮತ್ತು ಸಂಗಡಿಗರು ಕೊಟ್ಟ ಸೂತ್ರಕ್ಕೆ ಹಾಕಿದರೆ ಸುಮಾರು 1,530 ಕ್ಯಾಲೊರಿ ಬರುತ್ತದೆ. ಇಡೀ ದಿನ ಮಲಗಿದ್ದರೂ ಹೃದಯ, ಮೂತ್ರಪಿಂಡ, ಮಿದುಳು ನಡೆಸಲು ದೇಹ ಕಟ್ಟುವ ಬಾಡಿಗೆ ಅದು. ನಾಲ್ಕನೆಯ ಪ್ರಶ್ನೆಯೇ ಎಡವಟ್ಟು. ಸಾಹೇಬರು ಯೋಚಿಸಿದರು: ನಾನು ದಿನಾ ವಾಕಿಂಗ್ ಮಾಡುತ್ತೇನಲ್ಲ? "ಅಲ್ಪ ಚಟುವಟಿಕೆ" ಎಂದು ಒತ್ತಿದರು. ಆ್ಯಪ್ ಬಾಡಿಗೆಯನ್ನು 1.375ರಿಂದ ಗುಣಿಸಿ 2,104 ಎಂದಿತು. "ಕೂತೇ ಇರುತ್ತೇನೆ" ಎಂದು ಒತ್ತಿದ್ದರೆ 1.2ರಿಂದ ಗುಣಿಸಿ 1,836 ಎನ್ನುತ್ತಿತ್ತು. ಅಂತರ 268. ಆ 268 ಯಾತರದ್ದು? ಲಿಂಗಾಂಬುಧಿಯದ್ದೇ. ಅಂದರೆ ಕೆರೆ ಸುತ್ತಿದ್ದಕ್ಕೆ ಮೊದಲ ದಿನವೇ ಮುಂಗಡ ಪಾವತಿಯಾಗಿದೆ. ಆಮೇಲೆ ಪ್ರತಿ ಬೆಳಿಗ್ಗೆ ವಾಚು ಅದೇ ನಡಿಗೆಗೆ ಇನ್ನೊಂದು 310ರ ರಸೀದಿ ಹರಿದಿದೆ. ಒಟ್ಟು 578.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಡಬಲ್ ಎಂಟ್ರಿ" ಎಂದರು, ಮೆಲ್ಲಗೆ. ಬ್ಯಾಂಕಿನಲ್ಲಿ ಆ ಪದಕ್ಕೆ ಒಳ್ಳೆಯ ಅರ್ಥವಿದೆ. ಅವರು ಹೇಳಿದ್ದು ಆ ಅರ್ಥದಲ್ಲಲ್ಲ.

ಈ ನಾಲ್ಕನೆಯ ಪ್ರಶ್ನೆಗೆ ನಾವೆಲ್ಲ ಉಬ್ಬಿಸಿಯೇ ಉತ್ತರ ಕೊಡುತ್ತೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಈ ದೇಶದವರ ದಿನದ ಅಗತ್ಯವನ್ನು ಕಾಲಕಾಲಕ್ಕೆ ಗೊತ್ತುಮಾಡುತ್ತವೆ. 2020ರ ಪಟ್ಟಿಯ ಪ್ರಕಾರ 65 ಕಿಲೋ ತೂಕದ ಗಂಡಸು ಕೂತು ದುಡಿಯುವವನಾದರೆ 2,110 ಕ್ಯಾಲೊರಿ, ಮಧ್ಯಮ ಶ್ರಮದವನಾದರೆ 2,710, ಕಠಿಣ ಶ್ರಮದವನಾದರೆ 3,470. 55 ಕಿಲೋ ತೂಕದ ಹೆಂಗಸಿಗೆ ಕ್ರಮವಾಗಿ 1,660, 2,130, 2,720. ಮಧ್ಯಮ ಶ್ರಮ ಅಂದರೆ ಯಾರು? ಇಂಥ ಪಟ್ಟಿಗಳು ಹಿಂದಿನಿಂದಲೂ ಉದಾಹರಣೆ ಕೊಡುವುದು ಕಸುಬಿನಿಂದ. ಮೇಷ್ಟ್ರು, ದರ್ಜಿ, ಕ್ಷೌರಿಕ ಕೂತವರ ಸಾಲಿಗೆ. ಬಡಗಿ, ಗಾರೆಯವನು, ನೇಕಾರ ಮಧ್ಯಮಕ್ಕೆ. ಕಲ್ಲುಕುಟಿಗ, ಕಮ್ಮಾರ, ಮರ ಕಡಿಯುವವನು ಕಠಿಣಕ್ಕೆ. ಇಡೀ ಹೊತ್ತು ತರಗತಿಯಲ್ಲಿ ನಿಂತು ಪಾಠ ಹೇಳುವ ಮೇಷ್ಟ್ರೇ ಕೂತವರ ಸಾಲಿನಲ್ಲಿದ್ದಾರೆಂದರೆ (ನನಗಿದು ವೈಯಕ್ತಿಕ ಅವಮಾನ), ಐವತ್ತು ನಿಮಿಷ ಕೆರೆ ಸುತ್ತಿ ಇಪ್ಪತ್ತಮೂರು ಗಂಟೆ ಹತ್ತು ನಿಮಿಷ ಕುರ್ಚಿ, ಮಂಚ, ಕಾರು ಎಂದು ಕಳೆಯುವವರನ್ನು ಗಾರೆಯವನ ಪಕ್ಕ ನಿಲ್ಲಿಸಲಾಗದು. ಕೂತವನಿಗೂ ಗಾರೆಯವನಿಗೂ ನಡುವೆ ಇರುವುದು 600 ಕ್ಯಾಲೊರಿ. ಅದನ್ನು ಗಳಿಸಲು ದಿನವಿಡೀ ಇಟ್ಟಿಗೆ ಹೊರಬೇಕು.

ಇನ್ನು ಆ 310. ಈ ಸಂಖ್ಯೆಯೊಳಗೆ ಎರಡು ಬಗೆಯ ನೀರು ಬೆರೆತಿದೆ.

ಒಂದು, ನಡೆಯದಿದ್ದರೂ ಆಗುತ್ತಿದ್ದ ಖರ್ಚು. ಆ ಐವತ್ತು ನಿಮಿಷ ಸಾಹೇಬರು ಮನೆಯಲ್ಲಿ ಪತ್ರಿಕೆ ಓದುತ್ತ ಕೂತಿದ್ದರೂ ದೇಹ 65 ಕ್ಯಾಲೊರಿಯಷ್ಟು ಸುಡುತ್ತಿತ್ತು. ಅದು ದಿನದ ಬಾಡಿಗೆಯಲ್ಲಿ ಆಗಲೇ ಸೇರಿದೆ. ಸಾಧಾರಣ ವೇಗದ ನಡಿಗೆಗೆ ಸುಮ್ಮನೆ ಕೂತಾಗಿನ ಮೂರೂವರೆ ಪಟ್ಟು ಶಕ್ತಿ ಬೇಕೆಂದು ಕೋಷ್ಟಕಗಳು ಹೇಳುತ್ತವೆ. ಅಂದರೆ 78 ಕಿಲೋದವರಿಗೆ ಐವತ್ತು ನಿಮಿಷಕ್ಕೆ ಸುಮಾರು 227. ಅದರಲ್ಲಿ ಕೂತಾಗಿನ 65 ಕಳೆದರೆ 162. ಇನ್ನೊಂದು ದಾರಿಯಿಂದಲೂ ತಾಳೆ ನೋಡಬಹುದು: ಸಮತಟ್ಟಾದ ನೆಲದಲ್ಲಿ ಒಂದು ಕಿಲೋ ತೂಕವನ್ನು ಒಂದು ಕಿಲೋಮೀಟರ್ ನಡೆಸಲು ತಗಲುವ ಹೆಚ್ಚುವರಿ ಖರ್ಚು ಅರ್ಧ ಕ್ಯಾಲೊರಿ. 78 ಕಿಲೋ, 4 ಕಿಲೋಮೀಟರ್, ಅರ್ಧ: 156. ಎರಡು ಬೇರೆ ದಾರಿ ಹೆಚ್ಚುಕಡಿಮೆ ಒಂದೇ ಕಡೆ ಬಂದು ಸೇರುತ್ತವೆ. ನಡಿಗೆಯ ಈ ಅರ್ಧ ಕ್ಯಾಲೊರಿಯ ಸೂತ್ರವನ್ನು ನೆನಪಿಟ್ಟುಕೊಂಡರೆ ವಾಚಿನ ಹಂಗೇ ಬೇಡ. ಓಡಿದರೆ ಅರ್ಧದ ಬದಲು ಒಂದು.

ಎರಡನೆಯದು ವಾಚಿನ ಊಹೆ. ಅದರ ಬೆನ್ನಿನ ಹಸಿರು ದೀಪ ನಾಡಿಯನ್ನು ಎಣಿಸುತ್ತದೆ, ಒಳಗಿನ ಸಂವೇದಕ ಕೈಯ ಅಲುಗಾಟವನ್ನು ಅಳೆಯುತ್ತದೆ. ಕ್ಯಾಲೊರಿಯನ್ನು ಅದು ಅಳೆಯುವುದೇ ಇಲ್ಲ, ಊಹಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ 60 ಮಂದಿಗೆ ಏಳು ಬಗೆಯ ಕೈಪಟ್ಟಿ ಕಟ್ಟಿ, ಅವರ ಉಸಿರಿನ ಆಮ್ಲಜನಕದ ಲೆಕ್ಕದೊಡನೆ ಹೋಲಿಸಿ ನೋಡಿದರು. ನಾಡಿಯ ಎಣಿಕೆ ಮೆಚ್ಚುವಂತಿತ್ತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯ ಪಟ್ಟಿಯೂ ನೂರಕ್ಕೆ 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು 93ರಷ್ಟು. ಗೋಕುಲಂ ಕಡೆ ಅಷ್ಟಾಂಗ ಯೋಗ ಮಾಡುವವರ ವಾಚಿನ ಪಾಡು ಇನ್ನೂ ಪಾಪ. ಶೀರ್ಷಾಸನದಲ್ಲಿ ಕೈ ಅಲ್ಲಾಡುವುದೇ ಇಲ್ಲವಲ್ಲ!

ಇಷ್ಟಕ್ಕೇ ಲೆಕ್ಕ ಮುಗಿಯಿತು ಎನ್ನುವಷ್ಟರಲ್ಲಿ ಸಾಹೇಬರೇ ಒಂದು ಸರಿಯಾದ ಪ್ರಶ್ನೆ ಎತ್ತಿದರು. "ಆ 1,530 ಯಾರದ್ದು ಮೇಷ್ಟ್ರೇ? ಅಮೆರಿಕದವರದ್ದಲ್ವೇ?"

ಹೌದು. ಈ ಪ್ರಶ್ನೆಯ ಹಿಂದೆ ನಮ್ಮ ರಾಜ್ಯದಲ್ಲೇ ಆದ ದೊಡ್ಡ ಕೆಲಸವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೊ ಸೊವಾರೆಸ್, ಅನುರಾ ಕುರ್ಪಾಡ್ ಮೊದಲಾದವರು 1980ರ ದಶಕದಿಂದ ಭಾರತೀಯರ ವಿಶ್ರಾಂತಿಯ ಶಕ್ತಿವ್ಯಯವನ್ನು ಅಳೆಯುತ್ತ ಬಂದರು. ಬೇರೆ ದೇಶದವರ ಮೇಲೆ ಕಟ್ಟಿದ ಸೂತ್ರಗಳು ನಮ್ಮವರಿಗೆ ಹೆಚ್ಚು ಹೇಳುತ್ತವೆ ಎಂಬುದು ಗೊತ್ತಾಯಿತು. ಹಾಗಾದರೆ ನಮ್ಮ ಜೀವಕೋಶಗಳು ಬೇರೆ ಜಾತಿಯವೇ? ಅಲ್ಲ. 1998ರಲ್ಲಿ ಸೊವಾರೆಸ್, ಶೆಟ್ಟಿ ಮತ್ತಿತರರು ಭಾರತ ಮತ್ತು ಆಸ್ಟ್ರೇಲಿಯಾದ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ದೇಹದ ಕೊಬ್ಬೇತರ ಭಾಗವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಜನಾಂಗದ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ತಕ್ಕಡಿ ಒಂದೇ 78 ತೋರಿಸಿದರೂ ನಮ್ಮ 78ರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಕೊಬ್ಬು ಬಾಡಿಗೆ ಕಟ್ಟುವುದರಲ್ಲಿ ಜಿಪುಣ.

ಇದು ತೊಟ್ಟಿಲಿನಿಂದಲೇ ಶುರುವಾಗುತ್ತದೆ ಎನ್ನುವುದಕ್ಕೆ ಮೈಸೂರಿನಲ್ಲೇ ಸಾಕ್ಷಿ ಇದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಮ್ಮೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಹುಟ್ಟಿದ ಮಕ್ಕಳನ್ನು ಅಳೆದರು. ಬ್ರಿಟನ್ನಿನ ಶಿಶುಗಳಿಗಿಂತ ಅವು ಎಲ್ಲ ಅಳತೆಯಲ್ಲೂ ಚಿಕ್ಕವು; ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅದೇ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಸಣಕಲಾಗಿ ಕಂಡ ಕೂಸು ಒಳಗೊಳಗೇ ಕೊಬ್ಬು ಉಳಿಸಿಕೊಂಡಿತ್ತು.

2020ರ ಪಟ್ಟಿಯ ಅಂಕಿಗಳನ್ನು ಹಿಂದಕ್ಕೆ ಭಾಗಿಸಿ ನೋಡಿದರೆ ಅದೂ ಅಂತರರಾಷ್ಟ್ರೀಯ ಸೂತ್ರಕ್ಕಿಂತ ನೂರಕ್ಕೆ ಸುಮಾರು ಹತ್ತು ಕಡಿಮೆ ಹಿಡಿದಿರುವುದು ಕಾಣುತ್ತದೆ. ಅದೇ ರಿಯಾಯಿತಿ ಕೊಟ್ಟರೆ ಸಾಹೇಬರ ಬಾಡಿಗೆ 1,400ರ ಹತ್ತಿರ. ಕೂತವರಿಗೆ ಪಟ್ಟಿ ಹಿಡಿಯುವ ಗುಣಕ 1.4. ಗುಣಿಸಿದರೆ 1,960. ನಡಿಗೆಯೂ ಸೇರಿ ಇಡೀ ದಿನಕ್ಕೆ ಅಷ್ಟು. ಸ್ವಾರಸ್ಯ ನೋಡಿ: ಆ್ಯಪ್ ಬಾಡಿಗೆಯನ್ನು ಹೆಚ್ಚು ಹೇಳಿತು, ಕೂತವರ ಗುಣಕವನ್ನು ಕಡಿಮೆ ಹಿಡಿಯಿತು. ಎರಡು ತಪ್ಪು ಪರಸ್ಪರ ಹೊಡೆದುಹೋಗಿ, ನಡಿಗೆ ಬಿಟ್ಟ ದಿನದ ಅದರ 1,836 ಸರಿಸುಮಾರು ಸರಿಯೇ ಆಗಿಬಿಟ್ಟಿತ್ತು. ಕೆಟ್ಟದ್ದೆಲ್ಲ ನಡಿಗೆಯ ಸಾಲಿನಲ್ಲೇ.

ಆ ಸಾಲಿನಲ್ಲಿ ಇನ್ನೊಂದು ಕಡಿತ ಬಾಕಿ ಇದೆ. ನನಗೆ ಇಡೀ ಕಥೆಯಲ್ಲಿ ಬಲು ಇಷ್ಟವಾದ ಭಾಗ ಇದು.

ಮನುಷ್ಯನನ್ನು ಪೆಟ್ಟಿಗೆಯಲ್ಲಿ ಕೂಡಿಹಾಕದೆ, ಮುಖಕ್ಕೆ ಮುಸುಕು ಹಾಕದೆ, ಅವನ ಪಾಡಿಗೆ ಅವನನ್ನು ಬಿಟ್ಟು ಎರಡು ವಾರದ ಖರ್ಚು ಅಳೆಯುವುದು ಹೇಗೆ? ಮಿನೆಸೋಟದ ನೇಥನ್ ಲಿಫ್ಸನ್ 1950ರ ದಶಕದಲ್ಲಿ ಇಲಿಗಳ ಮೇಲೆ ಒಂದು ಉಪಾಯ ಹೂಡಿದರು. ನೀರಿನಲ್ಲಿರುವ ಜಲಜನಕಕ್ಕೂ ಆಮ್ಲಜನಕಕ್ಕೂ ತುಸು ಭಾರವಾದ ಅಣ್ಣಂದಿರಿದ್ದಾರೆ, ಡ್ಯೂಟೀರಿಯಂ ಮತ್ತು ಆಮ್ಲಜನಕ-18. ಇವೆರಡೂ ಇರುವ ನೀರನ್ನು ಒಂದು ಲೋಟ ಕುಡಿಸಿ. ಡ್ಯೂಟೀರಿಯಂ ದೇಹದಿಂದ ಹೊರಬೀಳುವುದು ಮೂತ್ರ, ಬೆವರು, ಆವಿ ಎಂದು ನೀರಿನ ರೂಪದಲ್ಲೇ. ಭಾರದ ಆಮ್ಲಜನಕಕ್ಕೆ ಮಾತ್ರ ಎರಡು ಬಾಗಿಲು: ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಆದ್ದರಿಂದ ಅದು ಬೇಗ ಖಾಲಿಯಾಗುತ್ತದೆ. ಮೂತ್ರದ ಮಾದರಿಯಲ್ಲಿ ಎರಡರ ಇಳಿಕೆಯನ್ನು ನೋಡಿ ಒಂದರಿಂದ ಒಂದನ್ನು ಕಳೆದರೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಹೋಯಿತು, ಅಂದರೆ ಎಷ್ಟು ಆಹಾರ ಉರಿಯಿತು ಎಂದು ಸಿಗುತ್ತದೆ. ಒಲೆಯನ್ನು ಮುಟ್ಟದೆ ಹೊಗೆಯಿಂದ ಸೌದೆ ಲೆಕ್ಕ ಹಾಕಿದ ಹಾಗೆ. ಭಾರದ ಆಮ್ಲಜನಕ ದುಬಾರಿ; ಹಾಗಾಗಿ ಮನುಷ್ಯರಿಗೆ ಬರಲು 1982ರವರೆಗೆ ಕಾಯಬೇಕಾಯಿತು.

ಈ ನೀರನ್ನು ಹರ್ಮನ್ ಪಾಂಟ್ಜರ್ ತಂಡ ತಾಂಜಾನಿಯಾದ ಹಡ್ಜಾ ಜನರಿಗೆ ಕುಡಿಸಿತು. ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು; ದಿನಾ ಮೈಲಿಗಟ್ಟಲೆ ನಡೆಯುವವರು. 2012ರಲ್ಲಿ ಫಲಿತಾಂಶ ಹೊರಬಂದಾಗ ದೇಹದ ಗಾತ್ರವನ್ನು ಸರಿದೂಗಿಸಿದ ಮೇಲೆ ಅವರ ದಿನದ ಖರ್ಚು ಅಮೆರಿಕ, ಯುರೋಪಿನ ಕಚೇರಿ ಜನರದ್ದಕ್ಕಿಂತ ಹೆಚ್ಚಿರಲಿಲ್ಲ! ದೇಹ ಒಂದು ಕಡೆ ಹೆಚ್ಚು ಖರ್ಚಾದಾಗ ಇನ್ನೊಂದು ಕಡೆ ಕೈ ಬಿಗಿ ಹಿಡಿಯುತ್ತದೆ. ನಮ್ಮ ಅಜ್ಜಿಯರು ಮದುವೆ ಖರ್ಚಿನ ವರ್ಷ ದೀಪಾವಳಿಗೆ ಹೊಸಬಟ್ಟೆ ಬೇಡವೆನ್ನುತ್ತಿದ್ದರಲ್ಲ, ಹಾಗೆ. 2021ರಲ್ಲಿ 1,754 ವಯಸ್ಕರ ಇಂಥ ಅಳತೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು ಈ ಬಿಗಿಗೆ ಅಂಕಿ ಕೊಟ್ಟಿತು: ಚಟುವಟಿಕೆಯಲ್ಲಿ ಸುಟ್ಟ ನೂರರಲ್ಲಿ 28ರಷ್ಟನ್ನು ದೇಹ ಬೇರೆಡೆ ಉಳಿಸಿಕೊಂಡುಬಿಡುತ್ತದೆ. ಕೊಬ್ಬು ಹೆಚ್ಚಿದ್ದವರಲ್ಲಿ ಈ ಉಳಿತಾಯ ಇನ್ನೂ ಜಾಸ್ತಿ, ಅಂದರೆ ಯಾರಿಗೆ ಇಳಿಸುವ ಅಗತ್ಯ ಹೆಚ್ಚೋ ಅವರಿಗೇ ದೇಹ ಹೆಚ್ಚು ಲೋಭಿ.

ಒಳಗಿನ ಉಳಿತಾಯ ಒಂದಾದರೆ ಕಣ್ಣಿಗೆ ಕಾಣುವ ಉಳಿತಾಯವೂ ಉಂಟು. ಲಿಂಗಾಂಬುಧಿಯಿಂದ ಬಂದ ಸಾಹೇಬರು ದಿವಾನದ ಮೇಲೆ ಕಾಲು ಚಾಚಿ "ಇವತ್ತಿನ ಕೋಟಾ ಮುಗೀತು" ಎನ್ನುವುದನ್ನು ಅವರ ಮನೆಯವರೇ ನನಗೆ ಹೇಳಿದ್ದಾರೆ. ಮೊದಲೆಲ್ಲ ನಡೆದು ತರುತ್ತಿದ್ದ ಸೊಪ್ಪು ತರಲು ಈಗ ಸ್ಕೂಟರು. ವಾಚು ಇದನ್ನು ಬರೆದುಕೊಳ್ಳುವುದಿಲ್ಲ.

ಸರಿ, ಲೆಕ್ಕ ಮುಗಿಸೋಣ. 156ರಲ್ಲಿ ನೂರಕ್ಕೆ 28 ತೆಗೆದರೆ 112. ಸಾಹೇಬರ ಪುಸ್ತಕದಲ್ಲಿ ನಡಿಗೆಯ ಹೆಸರಿನಲ್ಲಿ 578 ಜಮಾ, ನಿಜವಾಗಿ ಬಂದದ್ದು 112. ಆ್ಯಪ್ ಪ್ರಕಾರ ದಿನದ ಖರ್ಚು 2,104 ಮತ್ತು 310 ಸೇರಿ 2,414. ಅದರಲ್ಲಿ 500 ಬಿಟ್ಟು ಅವರು ತಿಂದದ್ದು 1,914. ಅವರ ನಿಜವಾದ ಖರ್ಚು 1,960ರ ಆಸುಪಾಸು. ಉಳಿದದ್ದು 46 ಕ್ಯಾಲೊರಿ. ಅದಕ್ಕೆ ಒಗ್ಗರಣೆಯ ಆ ಒಂದು ಚಮಚ ಎಣ್ಣೆ ಸಾಕು. ತಕ್ಕಡಿ ಅಲ್ಲಾಡದಿದ್ದದ್ದು ಸರಿಯಾಗಿಯೇ ಇತ್ತು.

"ಹಾಗಾದ್ರೆ ವಾಕಿಂಗ್ ದಂಡ" ಎಂದು ಸಾಹೇಬರು ಎದ್ದು ನಿಂತರು.

ಕೂರಿಸಿ, ಚೆನ್ನೈನ ಕಥೆ ಹೇಳಿದೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಎರಡೂವರೆ ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ದಿನಾ ಅರ್ಧ ಗಂಟೆ ಚುರುಕು ನಡಿಗೆ, ಊಟದಲ್ಲಿ ತಿದ್ದುಪಡಿ ಮಾಡಿಕೊಂಡವರಲ್ಲಿ 39ಕ್ಕೆ. ಗಮನಿಸಬೇಕಾದದ್ದು, ನಡೆದವರ ತೂಕ ಹೇಳಿಕೊಳ್ಳುವಂತೆ ಇಳಿದಿರಲೇ ಇಲ್ಲ. ತಕ್ಕಡಿಗೆ ಕಾಣದ ಕಡೆ ನಡಿಗೆ ಕೆಲಸ ಮಾಡಿತ್ತು. ಮಿತವಾಗಿ ತಿಂದು ತೂಕ ಇಳಿಸುವಾಗ ಕೊಬ್ಬಿನ ಜತೆ ಸ್ನಾಯುವೂ ಕರಗುತ್ತದೆ. ಅದನ್ನು ತಡೆಯುವುದೂ ವ್ಯಾಯಾಮವೇ, ಅದರಲ್ಲೂ ಭಾರ ಎತ್ತುವಂಥದ್ದು. ನಡಿಗೆಯನ್ನು ದೋಸೆಯ ಕೂಪನ್ ಮಾಡಿಕೊಂಡದ್ದಷ್ಟೇ ತಪ್ಪು.

ಕೂಪನ್ನು ನಿಜವಾಗಿಯೂ ಬೇಕಾದವರಿದ್ದಾರೆ. ನಮ್ಮ ಸಿದ್ಧಾರ್ಥನಗರದಲ್ಲಿದ್ದ, 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ತಲೆನೋವು ಸಾಹೇಬರದ್ದಕ್ಕೆ ತದ್ವಿರುದ್ಧವಾಗಿತ್ತು. ಹಿಮಾಲಯದ ಎತ್ತರದಲ್ಲಿ ಹೊರೆ ಹೊತ್ತು ಏರುವ ಸೈನಿಕನಿಗೆ ಖರ್ಚು ಹೆಚ್ಚು, ಆ ಎತ್ತರದಲ್ಲಿ ಹಸಿವೆಯೇ ಸಾಯುತ್ತದೆ. ಅವನಿಗೆ ಶ್ರಮದ ಪ್ರತಿ ಕ್ಯಾಲೊರಿಯನ್ನೂ ಊಟದಲ್ಲಿ ಹಿಂದಿರುಗಿಸಬೇಕು. ಮ್ಯಾರಥಾನ್ ತಯಾರಿಯ ಹುಡುಗಿಗೂ, ಬೆಳಿಗ್ಗೆ ನಂಜನಗೂಡಿಗೆ ಸೈಕಲ್ ತುಳಿದು ವಾಪಸು ಬರುವ ಹುಡುಗನಿಗೂ ಅದೇ ಮಾತು. ಅಂಥವರು ಖರ್ಚನ್ನು ತುಂಬಿಕೊಳ್ಳದಿದ್ದರೆ ಮೂಳೆ ಸವೆಯುತ್ತದೆ, ಹುಡುಗಿಯರಿಗೆ ಮುಟ್ಟು ನಿಲ್ಲುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ, ವ್ಯಾಯಾಮ ಎರಡನ್ನೂ ಬದಲಾಯಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಸಾಹೇಬರಿಗೆ ನಾನು ಸೂಚಿಸಿದ್ದು ಇಷ್ಟು. ಆ್ಯಪಿನಲ್ಲಿ "ಕೂತೇ ಇರುತ್ತೇನೆ" ಎಂದು ಒಪ್ಪಿಕೊಳ್ಳಿ, ವಾಚಿಗೂ ಆ್ಯಪಿಗೂ ನಡುವಿನ ಕೊಂಡಿ ಕಳಚಿ. ನಡಿಗೆ ಸೇರಿಯೇ ದಿನಕ್ಕೆ 1,600 ಎಂದು ಇಟ್ಟುಕೊಳ್ಳಿ. ನನ್ನ 1,960 ಕೂಡ ಅಂದಾಜೇ. ಅದನ್ನು ತಿದ್ದಲು ಭಾರದ ನೀರು ಬೇಕಿಲ್ಲ, ಮನೆಯ ತಕ್ಕಡಿ ಸಾಕು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ, ಆದರೆ ಆ ದಿನದ ಅಂಕಿ ನೋಡಿ ಹಿಗ್ಗಬೇಡಿ, ಕುಗ್ಗಬೇಡಿ. ದೇಹ ಸಕ್ಕರೆಯನ್ನು ಕೂಡಿಡುವ ರೂಪವಾದ ಗ್ಲೈಕೊಜೆನ್ನಿನ ಪ್ರತಿ ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಹೋಳಿಗೆ ಊಟದ ಮರುದಿನ ಒಂದು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು, ಉಪ್ಪು. ವಾರದ ಸರಾಸರಿ ಬರೆಯಿರಿ. ದಿನಕ್ಕೆ 360 ಉಳಿದರೆ ಮೂರು ವಾರಕ್ಕೆ ಒಂದು ಕಿಲೋ ಇಳಿಯಬೇಕು. ಆರು ವಾರ ನೋಡಿ. ಅಷ್ಟು ಇಳಿಯದಿದ್ದರೆ ನನ್ನ ಅಂದಾಜು ತಪ್ಪು. ನೂರು ಕಡಿಮೆ ಮಾಡಿ.

ಆರು ವಾರದ ಮೇಲೆ ಬಂದರು. ಸರಾಸರಿ 76.3. ಮುಖದಲ್ಲಿ ಸಣ್ಣ ನಗೆ. ಆದರೆ ಬ್ಯಾಂಕಿನವರು, ಸುಮ್ಮನಿರುವವರಲ್ಲ.

"ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಎಷ್ಟು ಹಾಕ್ತೀರಿ?"

ಅಲ್ಲೇ ಲೆಕ್ಕ ಹಾಕಿದೆವು. ಬೆಟ್ಟ ಊರಿನಿಂದ ಸುಮಾರು 300 ಮೀಟರ್ ಮೇಲಿದೆ. ಪೂರಾ ಅಷ್ಟನ್ನೂ ಹತ್ತಿದರೆಂದೇ ಹಿಡಿಯೋಣ. 76 ಕಿಲೋವನ್ನು ಅಷ್ಟು ಎತ್ತರಕ್ಕೆ ಏರಿಸುವ ಕೆಲಸ 53 ಕ್ಯಾಲೊರಿ. ಸ್ನಾಯು ತಾನು ಸುಟ್ಟದ್ದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತದೆ, ಮುಕ್ಕಾಲು ಬಿಸಿಯಾಗಿ ಹೋಗುತ್ತದೆ, ಬೆವರುವುದು ಅದಕ್ಕೇ. ಹಾಗಾಗಿ ನಾಲ್ಕರಿಂದ ಗುಣಿಸಿ, 212. ಅದಕ್ಕೆ ಪ್ರತಿಯಾಗಿ ತಿನ್ನುವುದು ಒಂದು ಪಾಲು ಕಡಲೆಹಿಟ್ಟು, ಎರಡು ಪಾಲು ಸಕ್ಕರೆ, ಎರಡು ಪಾಲು ತುಪ್ಪದ ಮೈಸೂರ್‌ಪಾಕಾದರೆ 40 ಗ್ರಾಮಿನ ಒಂದು ತುಂಡಿಗೆ ಹತ್ತಿರ ಹತ್ತಿರ 240.

ಸಾಹೇಬರು ಎರಡೂ ಅಂಕಿಯನ್ನು ಲೆಡ್ಜರಿನ ಕೊನೆಯ ಪುಟದಲ್ಲಿ ಒಂದರ ಕೆಳಗೊಂದು ಬರೆದು, ಕಳೆದು, ಅಡಿಗೆರೆ ಎಳೆದರು. "ಇಳಿಯುವಾಗ ಬಸ್ಸಿಗೆ ಬರೋಣ ಅಂತಿದ್ದೆ" ಎಂದರು. "28 ಕಡಿಮೆ ಬೀಳ್ತಾ ಇದೆ. ನಡೆದೇ ಇಳೀತೀನಿ ಬಿಡಿ."